ತೌಡಿನ ಧೂಳಿನ ನಡುವೆ ಒಂದು ಮದರ್‌ಬೋರ್ಡ್

ಗಂಗಾವತಿಯ ಒಂದು ರೈಸ್ ಮಿಲ್‌ನಿಂದ ಮೂರು ವರ್ಷದಲ್ಲಿ ನಾಲ್ಕು ಸಲ ಒಂದೇ ಫೋನ್ ಬಂದಿತ್ತು. "ಸರ, ಕಂಪ್ಯೂಟರ್ ಮತ್ತ ಬಂದ್ ಆಗೇತ್ರಿ."

ನಾಲ್ಕನೇ ಸಲ ಹೋಗಿ ಡಬ್ಬಿ ಬಿಚ್ಚಿದಾಗ ಪ್ರೊಸೆಸರ್ ಮೇಲೆ ಅದನ್ನು ತಣ್ಣಗಿಡುವ ಲೋಹದ ಹೀಟ್‌ಸಿಂಕ್ ಕಾಣಿಸಲೇ ಇಲ್ಲ. ಅದರ ಸಂದುಗಳಲ್ಲೆಲ್ಲ ಕಂದು ಬಣ್ಣದ ತೌಡು ಗಟ್ಟಿಯಾಗಿ ಕೂತಿತ್ತು. ತೌಡಿನಲ್ಲಿ ಎಣ್ಣೆ ಅಂಶ ಇರುತ್ತದೆ. ಬ್ಲೋವರ್ ಹಿಡಿದರೆ ಹಾರಿಹೋಗುವ ಧೂಳಲ್ಲ ಅದು. ಜೊತೆಗೆ ಅದು ಭತ್ತವನ್ನು ಸ್ಟೀಮ್ ಮಾಡುವ ಮಿಲ್, ಗಾಳಿಯಲ್ಲಿ ತೇವವೂ ಇತ್ತು. ಎಣ್ಣೆ, ತೇವ, ಧೂಳು ಮೂರೂ ಸೇರಿ ಸಣ್ಣ ಸಣ್ಣ ಪಿನ್‌ಗಳ ನಡುವೆ ಅಂಟಿಕೊಂಡಿದ್ದವು. ಡೆಸ್ಕ್‌ಟಾಪ್ ಕಂಪ್ಯೂಟರಿನ ಫ್ಯಾನ್ ತಣ್ಣಗಿಡಲು ಗಾಳಿ ಎಳೆಯುತ್ತದೆ. ಇಲ್ಲಿ ಅದು ತನ್ನ ಸಾವನ್ನೇ ಎಳೆದುಕೊಳ್ಳುತ್ತಿತ್ತು.

ಆ ಕಂಪ್ಯೂಟರಿಗೆ ದೊಡ್ಡ ಕೆಲಸವೇನೂ ಇರಲಿಲ್ಲ. ನಾಲ್ಕು ಹಾಪರ್ ತೂಕದ ಇಂಡಿಕೇಟರ್‌ಗಳು, ಸ್ಟೀಮ್ ಕಡೆಯ ಎರಡು ಟೆಂಪರೇಚರ್ ಕಂಟ್ರೋಲರ್‌ಗಳು, ಇವುಗಳಿಂದ ಮಾಡ್‌ಬಸ್ ಮೂಲಕ, ಅಂದರೆ ಕಾರ್ಖಾನೆಯ ಉಪಕರಣಗಳು ಮಾತಾಡುವ ಭಾಷೆಯಲ್ಲಿ, ಅಂಕಿ ಓದಬೇಕು. ಗೇಟಿನ ಹತ್ತಿರದ ವೇ ಬ್ರಿಡ್ಜ್‌ನಿಂದ ಲಾರಿ ತೂಕ ತಗೋಬೇಕು. ಎಲ್ಲವನ್ನೂ ಬರೆದಿಟ್ಟು ಸ್ಕ್ರೀನ್ ಮೇಲೆ ತೋರಿಸಬೇಕು. ಅಷ್ಟೇ. ಆದರೆ ಕೊಯ್ಲಿನ ದಿನಗಳಲ್ಲಿ ಹಗಲು ರಾತ್ರಿ ನಿಲ್ಲಬಾರದು.

ನಾನು ಸಾವ್ಕಾರ್ರಿಗೆ ಫ್ಯಾನ್ ಇಲ್ಲದ, ಕಾರ್ಖಾನೆಗೆಂದೇ ಮಾಡಿದ ಇಂಡಸ್ಟ್ರಿಯಲ್ ಮದರ್‌ಬೋರ್ಡ್ ಹಾಕೋಣ ಎಂದೆ. ಬೆಲೆ ಕೇಳಿ ಅವರು ಒಂದು ಕ್ಷಣ ಸುಮ್ಮನಾದರು. "ಅಷ್ಟ್ ರೊಕ್ಕದಾಗ ಮೂರು ಕಂಪ್ಯೂಟರ್ ಬರ್ತಾವಲ್ರೀ." ಬರುತ್ತವೆ, ನಿಜ. ಮೂರು ವರ್ಷದಲ್ಲಿ ಬಂದೂ ಆಗಿದ್ದವು, ಹೋಗಿಯೂ ಆಗಿದ್ದವು. ಅದನ್ನು ಹೇಳಿದಾಗ ನಕ್ಕು ಒಪ್ಪಿದರು.

ತಗೊಂಡಿದ್ದು ಮಿನಿ ಐಟಿಎಕ್ಸ್ ಬೋರ್ಡ್. 17 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ. ಪ್ರೊಸೆಸರ್ ಇಂಟೆಲ್ ಸೆಲೆರಾನ್ ಜೆ6412, ಬೋರ್ಡ್ ಮೇಲೇ ಬೆಸುಗೆ ಹಾಕಿದ್ದು, 10 ವಾಟ್‌ನದು. ವೇಗ ನನಗೆ ಮುಖ್ಯವಾಗಿರಲಿಲ್ಲ. ಇಂಥ ಉಪಕರಣಗಳನ್ನು ಜೋಡಿಸುವ ಆರು ಕಾಮ್ ಪೋರ್ಟ್ (ಸೀರಿಯಲ್ ಪೋರ್ಟ್) ಇದ್ದವು. ಪವರ್ 9ರಿಂದ 36 ವೋಲ್ಟ್ ಡಿಸಿ ತಗೊಳ್ಳುತ್ತಿತ್ತು, ಅಂದರೆ ಕಂಟ್ರೋಲ್ ಪ್ಯಾನೆಲ್‌ನ 24 ವೋಲ್ಟ್‌ಗೆ ನೇರವಾಗಿ ಜೋಡಿಸಬಹುದು. ಇದೇ ಮಾಡೆಲ್ ಇನ್ನೂ ಹಲವು ವರ್ಷ ಸಿಗುತ್ತದೆ ಎಂದು ತಯಾರಕರು ಬರೆದುಕೊಟ್ಟಿದ್ದರು. ಡೆಸ್ಕ್‌ಟಾಪ್ ಬೋರ್ಡ್ ಎರಡು ವರ್ಷದ ನಂತರ ಹುಡುಕಿದರೆ ಸಿಗಲ್ಲ, ಅದು ಇನ್ನೊಂದು ತಲೆನೋವು.

ಬೋರ್ಡನ್ನು ನೇರ ಮಿಲ್‌ಗೆ ಒಯ್ಯಲಿಲ್ಲ. ಮೊದಲು ಹೊಸಪೇಟೆಯ ನನ್ನ ಮೇಜಿನ ಮೇಲೆ ಎರಡು ದಿನ. ಇಲ್ಲಿ ನನ್ನದೊಂದು ನಿಯಮ ಇದೆ. ಜಂಪರ್ ಅಂದರೆ ಎರಡು ಪಿನ್ ಜೋಡಿಸಿ ಸೆಟ್ಟಿಂಗ್ ಬದಲಿಸುವ ಪುಟ್ಟ ಟೋಪಿ. ಮ್ಯಾನ್ಯುಯಲ್‌ನ ಜಂಪರ್ ಪುಟಗಳನ್ನು ಪ್ರಿಂಟ್ ತೆಗೆದು, ಒಂದೊಂದಕ್ಕೂ ಪೆನ್ನಿನಲ್ಲಿ ಟಿಕ್ ಹಾಕಿದ ಮೇಲೇ ಪವರ್ ಕೊಡುವುದು. ಡೆಸ್ಕ್‌ಟಾಪ್ ಬೋರ್ಡ್‌ನಲ್ಲಿ ಜಂಪರ್ ಅಂದರೆ ಸಿಮಾಸ್ ಕ್ಲಿಯರ್ ಮಾಡೋದು, ಅಂದರೆ ಉಳಿಸಿಟ್ಟ ಸೆಟ್ಟಿಂಗ್ ಅಳಿಸೋದು, ಒಂದು, ಅಷ್ಟೇ ಅಲ್ವಾ? ಇಲ್ಲಿ ಹನ್ನೊಂದು ಇದ್ದವು. ಅವುಗಳಲ್ಲಿ ಎರಡು ಬೇರೆ ಸಾಮಾನನ್ನೂ ಸುಡಬಲ್ಲವು.

ಒಂದು ಎಲ್‌ವಿಡಿಎಸ್ ಜಂಪರ್. ಸ್ಕ್ರೀನಿನ ಪ್ಯಾನೆಲ್‌ಗೆ ಎಷ್ಟು ವೋಲ್ಟ್ ಕೊಡಬೇಕು ಎಂದು ಇದು ತೀರ್ಮಾನಿಸುತ್ತದೆ. 3.3, 5, 12 ಎಂದು ಮೂರು ಜಾಗ. ನನ್ನ ಪ್ಯಾನೆಲ್ 3.3 ವೋಲ್ಟ್‌ನದು, ಬೋರ್ಡ್ ಪೆಟ್ಟಿಗೆಯಿಂದ ಬಂದಾಗ 5ರಲ್ಲಿತ್ತು. ಹಿಂದೊಮ್ಮೆ ಇದನ್ನು ನೋಡದೆ ಒಂದು ಪ್ಯಾನೆಲ್ ಸುಟ್ಟಿದ್ದೇನೆ, ಆ ವಾಸನೆ ಇನ್ನೂ ಮೂಗಿನಲ್ಲಿದೆ. ಇನ್ನೊಂದು ಕಾಮ್ ಪೋರ್ಟಿನ ಒಂಬತ್ತನೇ ಪಿನ್ನಿನದು. ಸಾಮಾನ್ಯವಾಗಿ ಆ ಪಿನ್ ರಿಂಗ್ ಸಿಗ್ನಲ್‌ಗೆ. ಬಾರ್‌ಕೋಡ್ ಸ್ಕ್ಯಾನರ್‌ನಂಥವಕ್ಕೆ ಅಲ್ಲಿಂದಲೇ ಪವರ್ ಸಿಗಲಿ ಎಂದು ಇಂಥ ಬೋರ್ಡ್‌ಗಳಲ್ಲಿ 5 ಅಥವಾ 12 ವೋಲ್ಟ್ ಹಾಕಿಕೊಳ್ಳಲು ಜಂಪರ್ ಕೊಟ್ಟಿರುತ್ತಾರೆ. ವೇ ಬ್ರಿಡ್ಜ್ ಇಂಡಿಕೇಟರ್‌ಗೆ ಅಲ್ಲಿಂದ 12 ವೋಲ್ಟ್ ಹೋದರೆ ಏನಾಗುತ್ತೆ ಅನ್ನೋ ಪ್ರಯೋಗ ನನಗೆ ಬೇಡ. ಜಂಪರ್ ಸರಿ ಮಾಡಿ, ಪವರ್ ಕೊಟ್ಟ ಮೇಲೆ ಮಲ್ಟಿಮೀಟರ್‌ನಲ್ಲಿ ಆರೂ ಪೋರ್ಟ್ ಅಳೆದು ನೋಡಿದೆ.

ರ‍್ಯಾಮ್, ಎಸ್‌ಎಸ್‌ಡಿ ಹಾಕುವುದು ಐದು ನಿಮಿಷದ ಕೆಲಸ, ಹೇಳುವಂಥದ್ದೇನಿಲ್ಲ. ಒಂದು ಮಾತು ಮಾತ್ರ. ಬೋರ್ಡ್ ಬರುವ ಬೆಳ್ಳಿ ಬಣ್ಣದ ಆಂಟಿಸ್ಟ್ಯಾಟಿಕ್ ಚೀಲದ ಮೇಲೇ ಬೋರ್ಡ್ ಇಟ್ಟು ಪವರ್ ಕೊಡುವವರನ್ನು ನೋಡಿದ್ದೇನೆ. ಆ ಚೀಲದ ಮೈಯಲ್ಲಿ ವಿದ್ಯುತ್ ಹರಿಯಬಲ್ಲದು. ಕೆಳಗೆ ಒಣ ರಟ್ಟು ಇಡಿ.

ಬಯಾಸ್ (ಬೋರ್ಡಿನ ಮೂಲ ಸೆಟ್ಟಿಂಗ್‌ಗಳಿರುವ ಜಾಗ) ಒಳಗೆ ಹೋದಾಗ ನನ್ನ ತಲೆಯಲ್ಲಿದ್ದದ್ದು ಒಂದೇ ಪ್ರಶ್ನೆ. ರಾತ್ರಿ ಎರಡು ಗಂಟೆಗೆ, ಹತ್ತಿರ ಯಾರೂ ಇಲ್ಲದಾಗ, ಇದು ತಾನೇ ಎದ್ದು ಕೆಲಸ ಶುರು ಮಾಡುತ್ತಾ? ಕರೆಂಟ್ ಹೋಗಿ ಬಂದರೆ ತಾನೇ ಆನ್ ಆಗಬೇಕು, ಅದಕ್ಕೆ 'ರಿಸ್ಟೋರ್ ಎಸಿ ಪವರ್ ಲಾಸ್' ಅನ್ನುವುದನ್ನು 'ಪವರ್ ಆನ್'ಗೆ ಇಟ್ಟೆ. ಕೀಬೋರ್ಡ್ ಇಲ್ಲ ಎಂದು ಎಫ್1 ಒತ್ತಲು ಹೇಳಿ ಕಾಯಬಾರದು, ಅದನ್ನು ಆಫ್ ಮಾಡಿದೆ. ಯುಎಸ್‌ಬಿಯಿಂದ ಬೂಟ್ ಆಗುವುದನ್ನೂ ತೆಗೆದೆ. ಇದಕ್ಕೆ ಕಾರಣ ಇದೆ. ಆಪರೇಟರ್ ಹುಡುಗ ಹಳೇ ಕಂಪ್ಯೂಟರ್‌ಗೆ ಹಾಡಿನ ಪೆನ್‌ಡ್ರೈವ್ ಚುಚ್ಚಿಟ್ಟು ಮರೆತಿದ್ದ. ಕರೆಂಟ್ ಬಂದಾಗ ಅದು ಪೆನ್‌ಡ್ರೈವ್‌ನಲ್ಲಿ ವಿಂಡೋಸ್ ಹುಡುಕುತ್ತಾ ಬೆಳಗಿನವರೆಗೆ ಕೂತಿತ್ತು.

ಆಮೇಲೆ ಸ್ವಿಚ್ ಹಾಕಿ ತೆಗೆದು ಇಪ್ಪತ್ತು ಸಲ ನೋಡಿದೆ. ಪೂರ್ತಿ ಆಫ್ ಮಾಡಿ ಹತ್ತು ಸೆಕೆಂಡ್ ಬಿಟ್ಟರೆ ಪ್ರತಿ ಸಲವೂ ಎದ್ದಿತು. ಆದರೆ ಸ್ವಿಚ್ ಅರೆಕ್ಷಣ ಆಡಿಸಿದಾಗ ಮೂರು ಸಲ ಸತ್ತ ಹಾಗೆ ಬಿದ್ದುಕೊಂಡಿತು. ನಮ್ಮ ಕಡೆ ಕರೆಂಟ್ ಹೋಗುವುದೇ ಹಾಗೆ, ಮಿಣುಕಿ ಹೋಗಿ ಮಿಣುಕಿ ಬರುತ್ತದೆ. ಬೋರ್ಡ್‌ನಲ್ಲಿ ಎಟಿ, ಎಟಿಎಕ್ಸ್ ಎಂದು ಆಯ್ಕೆ ಮಾಡುವ ಜಂಪರ್ ಇತ್ತು. ಎಟಿಗೆ ಹಾಕಿದರೆ ಪವರ್ ಬಟನ್ನಿನ ಮಾತೇ ಇಲ್ಲ, ಕರೆಂಟ್ ಬಂತೋ ಆನ್ ಆಯಿತು. ಹಾಗೆ ಮಾಡಿ ಮತ್ತೆ ಇಪ್ಪತ್ತು ಸಲ ಆಡಿಸಿದೆ. ಒಂದು ಸಲವೂ ತಪ್ಪಲಿಲ್ಲ.

ಮಿಲ್‌ನಲ್ಲಿ ಜೋಡಿಸುವ ದಿನ ಮೊದಲು ಅಳೆದದ್ದು ಅರ್ಥಿಂಗ್. ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ 11 ವೋಲ್ಟ್! ಒಂದೆರಡು ವೋಲ್ಟ್ ಇದ್ದರೆ ಸರಿ ಅನ್ನಬಹುದು. ಎಲೆಕ್ಟ್ರಿಷಿಯನ್ ಅರ್ಥ್ ಗುಂಡಿ ತೋರಿಸಿದರು. ನೀರು ಹಾಕಿ ಎಷ್ಟು ದಿನವಾಗಿತ್ತೋ, ಮೇಲಿನ ಕ್ಲಾಂಪ್ ತುಕ್ಕು ಹಿಡಿದು ಅಲ್ಲಾಡುತ್ತಿತ್ತು. ಅವರು ಕ್ಲಾಂಪ್ ಬದಲಿಸಿ, ಉಜ್ಜಿ, ನೀರು ಸುರಿದ ಮೇಲೆ 2ಕ್ಕೆ ಇಳಿಯಿತು. ಬೋರ್ಡ್ ಕೆಲಸಕ್ಕೆ ಹೋಗಿ ಅರ್ಧ ದಿನ ಗುಂಡಿಯ ಹತ್ತಿರವೇ ಕಳೆದೆ. ಆದರೆ ಹಿಂದಿನ ನಾಲ್ಕು ಸಾವುಗಳಲ್ಲಿ ಒಂದಾದರೂ ಈ ಗುಂಡಿಯದೇ ಇರಬೇಕು ಅನ್ನೋದು ನನ್ನ ಅನುಮಾನ.

ಗೋಡೆಗೆ ಹಾಕುವ, ಸುತ್ತ ರಬ್ಬರ್ ಇರುವ ಪ್ಯಾನೆಲ್ ಡಬ್ಬಿ ತಂದಿದ್ದೆ. ಹಿತ್ತಾಳೆ ಸ್ಪೇಸರ್ ಮೇಲೆ ಬೋರ್ಡ್ ಕೂರಿಸಿದೆ. ಕೇಬಲ್‌ಗಳೆಲ್ಲ ಕೆಳಗಿನಿಂದ, ಕೇಬಲ್ ಸುತ್ತ ಬಿಗಿಯುವ ಗ್ಲ್ಯಾಂಡ್ ಹಾಕಿ. ಮೇಲಿನಿಂದ ತೂತು ಹೊಡೆದರೆ ಧೂಳೂ ನೀರೂ ಕೇಬಲ್ ಹಿಡಿದುಕೊಂಡೇ ಒಳಗೆ ಇಳಿಯುತ್ತವೆ.

ಪವರ್ ವಿಷಯದಲ್ಲಿ ಎಲೆಕ್ಟ್ರಿಷಿಯನ್‌ಗೂ ನನಗೂ ಸ್ವಲ್ಪ ವಾದ ಆಯಿತು. "ಇರೋ 24 ವೋಲ್ಟ್ ಎಸ್‌ಎಂಪಿಎಸ್ಸಿಗೇ ಕೊಡ್ರಿ ಸರ, ಜಾಗ ಐತಿ" ಅಂದರು. ಆ ಎಸ್‌ಎಂಪಿಎಸ್, ಅಂದರೆ ಪವರ್ ಸಪ್ಲೈ, ರಿಲೇ ಮತ್ತು ಸೊಲೆನಾಯ್ಡ್ ವಾಲ್ವ್‌ಗಳನ್ನು ನಡೆಸುತ್ತಿತ್ತು. ವಾಲ್ವ್ ಬಿಟ್ಟ ಕೂಡಲೇ ಕಾಯಿಲ್ ಹಿಂದಕ್ಕೆ ಒದೆಯುತ್ತದೆ, ಅಂದರೆ ಜಾಸ್ತಿ ವೋಲ್ಟೇಜಿನ ಒಂದು ಏಟು ಲೈನಿಗೆ ಬರುತ್ತದೆ. ಬೋರ್ಡ್‌ಗೆ ಬೇರೆಯೇ ಎಸ್‌ಎಂಪಿಎಸ್ ಹಾಕಿಸಿದೆ. ರಿಲೇ ಕಾಯಿಲ್‌ಗಳಿಗೆ ಅಡ್ಡಲಾಗಿ ತಲಾ ಒಂದು 1ಎನ್4007 ಡಯೋಡ್ ಕೂಡ ಬೆಸೆದೆ. ಒಂದೆರಡು ರೂಪಾಯಿಯ ಸಾಮಾನು, ಹಾಕುವವರು ಕಡಿಮೆ.

ಆಮೇಲೆ ಆರ್‌ಎಸ್-485 ಲೈನ್, ಇಂಡಿಕೇಟರ್ ಮತ್ತು ಕಂಟ್ರೋಲರ್‌ಗಳನ್ನು ಬೋರ್ಡಿಗೆ ಜೋಡಿಸುವ ಎರಡು ತಂತಿ. ಹಳೇ ಕೇಬಲ್ ಎಲಿವೇಟರ್ ಮೋಟರಿನ ವಿಎಫ್‌ಡಿ (ವೇಗ ನಿಯಂತ್ರಕ) ಕೇಬಲ್ ಜೊತೆ ಒಂದೇ ಟ್ರೇನಲ್ಲಿ ಹೋಗಿತ್ತು, ಅದರ ಗದ್ದಲ ಸಿಗ್ನಲ್‌ಗೆ ಸೇರುತ್ತದೆ. ಬೇರೆ ದಾರಿಯಲ್ಲಿ ಹೊಸ ಶೀಲ್ಡೆಡ್ ಟ್ವಿಸ್ಟೆಡ್ ಪೇರ್ ಎಳೆಸಿದೆ. ಶೀಲ್ಡನ್ನು ಒಂದೇ ತುದಿಯಲ್ಲಿ ಅರ್ಥ್ ಮಾಡಿದೆ. ಎರಡು ಕೊನೆಗಳಲ್ಲಿ ಮಾತ್ರ 120 ಓಂ ರೆಸಿಸ್ಟರ್. ಇದನ್ನು ಪರೀಕ್ಷಿಸಲು ಸುಲಭದ ದಾರಿ ಇದೆ. ಎಲ್ಲ ಆಫ್ ಮಾಡಿ ಎರಡು ತಂತಿಗಳ ನಡುವೆ ಮೀಟರ್ ಹಿಡಿದರೆ ಎರಡು 120 ಸಮಾನಾಂತರವಾಗಿ ಸೇರಿ 60 ಓಂ ಆಸುಪಾಸು ಬರಬೇಕು. ನನಗೆ 40 ಬಂತು. ಅಂದರೆ ಮೂರನೇ ರೆಸಿಸ್ಟರ್ ಎಲ್ಲೋ ಇದೆ. ಹುಡುಕಿದರೆ ನಡುವಿನ ಒಂದು ತೂಕದ ಇಂಡಿಕೇಟರ್ ಒಳಗೆ ಸಣ್ಣ ಸ್ವಿಚ್ ಆನ್ ಆಗಿತ್ತು. ಅದನ್ನು ಆಫ್ ಮಾಡಿದ ಮೇಲೆ 60.

ಇಷ್ಟಾಗಿಯೂ ಅಂಕಿ ಬರಲಿಲ್ಲ. ಎ, ಬಿ ತಂತಿ ಅದಲು ಬದಲು ಮಾಡಿದೆ, ಬಾಡ್ ರೇಟ್ (ಅಂಕಿ ಕಳಿಸುವ ವೇಗ) ನೋಡಿದೆ, ಒಂದು ಗಂಟೆ ಹೋಯಿತು. ಕೊನೆಗೆ ಬಯಾಸ್ ತೆರೆದರೆ ಕಾಮ್2 ಆರ್‌ಎಸ್-232ರಲ್ಲಿ, ಅಂದರೆ ಬೇರೊಂದು ಸೀರಿಯಲ್ ಪದ್ಧತಿಯಲ್ಲಿ, ಕೂತಿತ್ತು. ಮನೆಯಲ್ಲಿ 485ಕ್ಕೆ ಹಾಕಿದ್ದು ನಾನೇ. ಆಮೇಲೆ ಏನೋ ಸರಿಯಿಲ್ಲ ಅನಿಸಿ 'ಲೋಡ್ ಆಪ್ಟಿಮೈಸ್ಡ್ ಡಿಫಾಲ್ಟ್ಸ್' ಒತ್ತಿದ್ದೂ ನಾನೇ. ಎಲ್ಲ ಫ್ಯಾಕ್ಟರಿ ಸೆಟ್ಟಿಂಗ್‌ಗೆ ಹೋಗಿತ್ತು. ಎಲ್ಲವನ್ನೂ ಮತ್ತೆ ಸರಿಮಾಡಿ, 'ಸೇವ್ ಆ್ಯಸ್ ಯೂಸರ್ ಡಿಫಾಲ್ಟ್ಸ್' ಒತ್ತಿ, ಬಯಾಸಿನ ಒಂದೊಂದು ಪುಟದ ಫೋಟೋ ತೆಗೆದು ಪ್ರಿಂಟ್ ಹಾಕಿ ಪ್ಯಾನೆಲ್ ಬಾಗಿಲಿನ ಒಳಗೆ ಅಂಟಿಸಿದೆ.

ಆಪರೇಟಿಂಗ್ ಸಿಸ್ಟಮ್ ಆಗಿ ಡೆಬಿಯನ್ 12 ಲಿನಕ್ಸ್ ಹಾಕಿದ್ದೆ, ಮೇಲೆ ನನ್ನ ಸಣ್ಣ ಪ್ರೋಗ್ರಾಂ. ಅದು ಸಿಕ್ಕಿಹಾಕಿಕೊಂಡರೆ ಬೋರ್ಡ್ ತಾನೇ ರೀಸ್ಟಾರ್ಟ್ ಆಗಲಿ ಎಂದು ವಾಚ್‌ಡಾಗ್ ಅನ್ನುವ ಕಾವಲು ನಾಯಿ ಟೈಮರ್ ಆನ್ ಮಾಡಿದೆ. ಪ್ರೋಗ್ರಾಂ ಆಗಾಗ 'ನಾನು ಬದುಕಿದ್ದೇನೆ' ಎಂದು ಹೇಳುತ್ತಿರಬೇಕು. 60 ಸೆಕೆಂಡ್ ಹೇಳದಿದ್ದರೆ ರೀಸೆಟ್. ಬಯಾಸಿನಲ್ಲೇ ಆನ್ ಮಾಡಿದ್ದೆ, ಬಹಳ ಜಾಣತನ ಮಾಡಿದೆ ಅಂದುಕೊಂಡು.

ನವೆಂಬರ್, ಕೊಯ್ಲು ಜೋರು. ರಾತ್ರಿ ಹನ್ನೊಂದೂವರೆಗೆ ಫೋನ್. "ಸರ, ಇದು ಹತ್ತತೇತಿ, ಆರತೇತಿ, ಹತ್ತತೇತಿ, ಆರತೇತಿ." ವಿಡಿಯೋ ಕಳಿಸು ಅಂದೆ. ಲೋಗೋ ಬರುತ್ತದೆ, ಅಕ್ಷರಗಳು ಓಡುತ್ತವೆ, ನಿಲ್ಲುತ್ತವೆ, ಕಪ್ಪಾಗುತ್ತದೆ, ಮತ್ತೆ ಲೋಗೋ. ಗಡಿಯಾರ ಹಿಡಿದು ಎಣಿಸಿದೆ. ಪ್ರತಿ ಸಲವೂ ಒಂದು ನಿಮಿಷದ ಸುಮಾರು. ಆಗ ಹೊಳೆಯಿತು. ಕರೆಂಟ್ ಹೋಗಿ ಬಂದಿತ್ತು, ಆದರೆ ಆಫೀಸಿನ ಫೇಸ್ ಇನ್ನೂ ಬಂದಿರಲಿಲ್ಲ. ಅಲ್ಲಿನ ನೆಟ್‌ವರ್ಕ್ ಸ್ವಿಚ್ ಸತ್ತಿತ್ತು. ನೆಟ್‌ವರ್ಕ್ ಬರುವವರೆಗೆ, ಎರಡು ನಿಮಿಷದ ತನಕ, ಕಾಯಲಿ ಎಂದು ನಾನೇ ಹಾಕಿಟ್ಟಿದ್ದೆ. ಅದು ಮುಗಿದ ಮೇಲೆ ನನ್ನ ಪ್ರೋಗ್ರಾಂ ಶುರು. ಕಾವಲು ನಾಯಿಯ ತಾಳ್ಮೆ ಒಂದೇ ನಿಮಿಷ. ಪ್ರೋಗ್ರಾಂ ಏಳುವ ಮೊದಲೇ ಅದು ಕಚ್ಚುತ್ತಿತ್ತು, ಮತ್ತೆ ಮೊದಲಿನಿಂದ.

ಕಾರ್ಖಾನೆ ಕಡೆಯಿಂದ ಒಂದು ಎಕ್ಸ್‌ಟೆನ್ಷನ್ ಎಳೆದು ಸ್ವಿಚ್‌ಗೆ ಕೊಡಪ್ಪ ಎಂದೆ. ಎರಡು ನಿಮಿಷದಲ್ಲಿ ಎದ್ದಿತು. ಮರುದಿನ ಹೋಗಿ ಬಯಾಸಿನ ವಾಚ್‌ಡಾಗ್ ತೆಗೆದೆ. ಆಪರೇಟಿಂಗ್ ಸಿಸ್ಟಮ್ ಎದ್ದ ಮೇಲೆ, ಲಿನಕ್ಸ್‌ನಲ್ಲಿ ಪ್ರೋಗ್ರಾಂಗಳನ್ನು ಶುರು ಮಾಡುವ ಸಿಸ್ಟಮ್‌ಡಿಯೇ ಅದನ್ನು ಆನ್ ಮಾಡುವ ಹಾಗೆ ಬದಲಿಸಿದೆ. ನೆಟ್‌ವರ್ಕ್‌ಗೆ ಕಾಯುವುದನ್ನೂ ಕಿತ್ತುಹಾಕಿದೆ. ತೂಕ ಓದಲು ನೆಟ್‌ವರ್ಕ್ ಯಾಕೆ ಬೇಕು? ಬೇಕಾಗಿಯೇ ಇರಲಿಲ್ಲ.

ಬೇಸಿಗೆಯ ಬಗ್ಗೆ ಭಯ ಇತ್ತು. ಕ್ಯಾಟಲಾಗ್‌ನಲ್ಲಿ 60 ಡಿಗ್ರಿವರೆಗೆ ಎಂದು ದೊಡ್ಡದಾಗಿ ಬರೆದಿದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಇಷ್ಟು ಗಾಳಿ ಹರಿಯುತ್ತಿದ್ದರೆ ಮಾತ್ರ ಎಂದೂ ಬರೆದಿದೆ. ಮುಚ್ಚಿದ ಡಬ್ಬಿಯಲ್ಲಿ ಎಲ್ಲಿಯ ಗಾಳಿ? ಡಬ್ಬಿಯನ್ನು ಬಾಯ್ಲರ್ ಕಡೆಯ ಗೋಡೆಯಿಂದ ತೆಗೆದು ನೆರಳಿನ ಗೋಡೆಗೆ ಹಾಕಿಸಿದೆ. ಮೇ ತಿಂಗಳ ಮಧ್ಯಾಹ್ನ, ಹೊರಗೆ 42 ಡಿಗ್ರಿ ಇದ್ದಾಗ ಡಬ್ಬಿಯ ಒಳಗೆ 53, ಪ್ರೊಸೆಸರ್ 76. ಬಾಳಿಕೆಗೆ ಇನ್ನೂ ಸ್ವಲ್ಪ ಕಡಿಮೆ ಇದ್ದರೆ ಚೆನ್ನಾಗಿತ್ತು, ಆದರೆ ನಿಂತಿಲ್ಲ. ಸೆಕೆಗೆ ಬೇಗ ಸೊರಗುವುದು ಸಿಆರ್2032 ಬ್ಯಾಟರಿ. ಅದು ಹೋದರೆ ಗಡಿಯಾರ ಹಿಂದಕ್ಕೆ ಹೋಗಿ ತೂಕದ ಚೀಟಿಯಲ್ಲೆಲ್ಲ ಹಳೇ ತಾರೀಖು ಬರುತ್ತದೆ. ಕೆಲವು ಬೋರ್ಡ್‌ಗಳಲ್ಲಿ ಸೆಟ್ಟಿಂಗ್‌ಗಳೂ ಹೋಗುತ್ತವೆ. ಎರಡು ವರ್ಷಕ್ಕೊಮ್ಮೆ, ಸರಿಯಿದ್ದರೂ, ಬದಲಿಸುತ್ತೇನೆ.

ಮಿಲ್‌ನಿಂದ ಈಗಲೂ ಫೋನ್ ಬರುತ್ತದೆ, ಬೇರೆ ವಿಷಯಕ್ಕೆ. ಹೋದ ಆಯುಧ ಪೂಜೆಯ ಹಿಂದಿನ ದಿನ ಆಪರೇಟರ್ ಹುಡುಗ ಕೇಳಿದ. "ಸರ, ಎಲ್ಲಾ ಮಷೀನಿಗೂ ಪೂಜಿ ಮಾಡಾಕತ್ತೀವಿ. ನಿಮ್ಮ ಡಬ್ಬಿ ಬಾಗ್ಲಾ ತಗದು ಒಳಗ ಬೋರ್ಡಿಗೂ ಕುಂಕುಮ ಹಚ್ಚಲೇನ್ರಿ?"

"ಬಾಗಿಲಿಗೇ ಹಚ್ಚಪ್ಪ" ಅಂದೆ. "ಬಾಗಿಲಿಗೆ ಎಷ್ಟು ಬೇಕಾದ್ರೂ ಹಚ್ಚು. ತೆಗೀಬ್ಯಾಡ."