ಗಂಡಸರ ಸ್ತನ ಕ್ಯಾನ್ಸರ್: ಸಂಘದ ಸಭೆಯಲ್ಲಿ ತಿಳಿಸಿಹೇಳುವ ಬಗೆ

ಮುಂಬಯಿಯ ಕನ್ನಡ ಸಂಘಗಳಲ್ಲಿ ಆರೋಗ್ಯ ಶಿಬಿರ ನಡೆಸುವವರು, ಸ್ತನ ಕ್ಯಾನ್ಸರ್ ಕುರಿತ ಉಪನ್ಯಾಸಕ್ಕೆ ಮಹಿಳಾ ವಿಭಾಗದವರನ್ನು ಮಾತ್ರ ಕರೆಯುವ ವಾಡಿಕೆಯನ್ನು ಮೊದಲು ಬಿಡಬೇಕು. ಆಮಂತ್ರಣದಲ್ಲಿಯೇ ‘ಗಂಡಸರಿಗೂ’ ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿರಿ. ಭಜನೆಗೋ ತಾಳಮದ್ದಳೆಗೋ ಹಿರಿಯರು ಹೇಗೂ ಸೇರುವ ಭಾನುವಾರವನ್ನೇ ಆರಿಸಿಕೊಳ್ಳಿರಿ. ಗಂಡಸರಲ್ಲಿ ಈ ಕಾಯಿಲೆ ಹೆಚ್ಚಾಗಿ ಕಾಣಿಸಿಕೊಳ್ಳುವುದು 60ರ ನಂತರವೇ.

ಒಟ್ಟು ಸ್ತನ ಕ್ಯಾನ್ಸರ್ ಪ್ರಕರಣಗಳಲ್ಲಿ ಗಂಡಸರ ಪಾಲು ಸುಮಾರು ಶೇ. 1 ಎಂಬುದನ್ನು ಮುಚ್ಚಿಡದೆ ಹೇಳಿರಿ, ಏಕೆಂದರೆ ಯಾರನ್ನೂ ಹೆದರಿಸುವುದು ನಮ್ಮ ಉದ್ದೇಶವಲ್ಲ. ಆದರೆ ಗಂಡಸರ ಎದೆಯಲ್ಲಿಯೂ ಸ್ವಲ್ಪ ಸ್ತನ ಅಂಗಾಂಶ ಇದ್ದೇ ಇರುತ್ತದೆ ಎಂಬ ಮಾತು ಎಷ್ಟೋ ವಿದ್ಯಾವಂತರಿಗೂ ಹೊಸದು. ಆದ್ದರಿಂದ ಲಕ್ಷಣಗಳಿಗೆ ಹೆಚ್ಚು ಸಮಯ ಕೊಡಿರಿ: ಮೊಲೆತೊಟ್ಟಿನ ಹಿಂದೆ ನೋವಿಲ್ಲದ ಗಟ್ಟಿ ಗಂಟು, ಒಳಕ್ಕೆ ಎಳೆದುಕೊಂಡ ತೊಟ್ಟು, ಮಾಯದ ಹುಣ್ಣು, ಕಂಕುಳಲ್ಲಿ ಗಡ್ಡೆ. ಬನಿಯನ್ನಿನ ಎದೆಭಾಗದಲ್ಲಿ ನಾಣ್ಯದಗಲದ ಕಂದು ಕಲೆ ಮತ್ತೆ ಮತ್ತೆ ಕಂಡರೆ ಅದು ತೊಟ್ಟಿನಿಂದ ಒಸರಿದ ರಕ್ತವಾಗಿರಬಹುದು. ಇದನ್ನು ಬಟ್ಟೆ ಒಗೆಯುವವರೇ ಮೊದಲು ಗಮನಿಸುವ ಸಂಭವವಿರುವುದರಿಂದ, ಸಭೆಗೆ ದಂಪತಿಗಳಾಗಿಯೇ ಬರಲು ಹೇಳಿರಿ. ಸ್ನಾನದ ವೇಳೆ ಸೋಪು ಹಚ್ಚಿದ ಬೆರಳುಗಳನ್ನು ಚಪ್ಪಟೆಯಾಗಿಟ್ಟು ತೊಟ್ಟಿನ ಸುತ್ತ ಮೃದುವಾಗಿ ಒತ್ತಿ ನೋಡುವುದನ್ನು ವೈದ್ಯರಿಂದಲೇ ತೋರಿಸಿರಿ.

ತಾಯಿಗೋ ಅಕ್ಕತಂಗಿಯರಿಗೋ ಈ ಕಾಯಿಲೆ ಬಂದಿದ್ದರೆ ಗಂಡಸರೂ ಅದನ್ನು ವೈದ್ಯರಿಗೆ ತಿಳಿಸಬೇಕು. ಬಿಆರ್‌ಸಿಎ2 ಜೀನ್‌ನ (ವಂಶವಾಹಿಯ) ದೋಷ ಈ ಕಾಯಿಲೆಯ ಅಪಾಯವನ್ನು ಹೆಚ್ಚಿಸುತ್ತದೆ; ಅದು ತಂದೆಯಿಂದ ಮಗಳಿಗೂ ದಾಟಬಲ್ಲದು. ಗಂಡಸರಿಗೂ ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ) ಮತ್ತು ಬಯಾಪ್ಸಿ (ಅಂಗಾಂಶದ ಚೂರು ತೆಗೆದು ಮಾಡುವ ಪರೀಕ್ಷೆ) ಮಾಡಲಾಗುತ್ತದೆ, ಕ್ಯಾನ್ಸರ್ ಚಿಕಿತ್ಸೆಯ ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆ ನಮ್ಮ ನಗರದಲ್ಲಿಯೇ ಇದೆ ಎಂಬುದನ್ನೂ ತಿಳಿಸಿರಿ. ಕೊನೆಯ ಅರ್ಧ ಗಂಟೆಯನ್ನು ಖಾಸಗಿ ಪ್ರಶ್ನೆಗಳಿಗೆ ಬಿಟ್ಟು, ಹೆಸರಿಲ್ಲದ ಚೀಟಿಗಳಲ್ಲಿ ಬರೆದು ಕೊಡಲು ಅವಕಾಶ ಮಾಡಿರಿ.