911 ಅಥವಾ ಕಾಂಟಿನೆಂಟಲ್: ಉಡುಪಿಯ ರಸ್ತೆಗೆ ನಾನು ಆರಿಸಿದ ಕಾರು

ಹೆಚ್ಚುಕಡಿಮೆ ಒಂದೇ ದುಡ್ಡಿಗೆ ಎರಡು ಕಾರು ಸಿಗುತ್ತಿದ್ದವು. ಒಂದು ಪೋರ್ಷೆ 911 ಕರೇರಾ ಎಸ್, ಇನ್ನೊಂದು ಬೆಂಟ್ಲಿ ಕಾಂಟಿನೆಂಟಲ್ ಜಿಟಿ ವಿ8. ಎರಡೂ ಸೆಕೆಂಡ್ ಹ್ಯಾಂಡ್. ಹೊಸದು ತಗೊಳ್ಳುವುದಾದರೆ ಇವೆರಡನ್ನು ಯಾರೂ ಅಕ್ಕಪಕ್ಕ ಇಟ್ಟು ನೋಡುವುದಿಲ್ಲ, ಬೆಲೆಯಲ್ಲಿ ಅಷ್ಟು ಅಂತರ ಉಂಟು. ಆದರೆ ಬೆಂಟ್ಲಿಯಂಥ ದೊಡ್ಡ ಐಷಾರಾಮಿ ಕೂಪೆಗಳ (ಎರಡು ಬಾಗಿಲಿನ ಕಾರುಗಳ) ಬೆಲೆ ಮೊದಲ ಕೆಲವು ವರ್ಷಗಳಲ್ಲೇ ಸರಸರ ಇಳಿಯುತ್ತದೆ. 911 ಅಷ್ಟು ಬೇಗ ಇಳಿಯುವುದಿಲ್ಲ. ಹಾಗಾಗಿ ಸ್ವಲ್ಪ ಹಳೆಯ ಕಾಂಟಿನೆಂಟಲ್ ಮತ್ತು ಸ್ವಲ್ಪ ಹೊಸ 911 ಒಂದೇ ಬಜೆಟ್ಟಿನೊಳಗೆ ಬಂದು ನಿಲ್ಲುತ್ತವೆ. ಅಲ್ಲಿಂದ ತಲೆನೋವು ಶುರು.

ನನ್ನದು ಮಲ್ಪೆಯಲ್ಲಿ ಐಸ್ ಪ್ಲಾಂಟ್. ಮನೆ ಅಂಬಲಪಾಡಿ ಕಡೆ. ಮಗಳು ಬೆಂಗಳೂರಿನಲ್ಲಿ ಓದುತ್ತಾಳೆ. ದಿನದ ಓಡಾಟಕ್ಕೆ, ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲಿಕ್ಕೆ ಇನ್ನೋವಾ ಉಂಟು. ಇದು ಬರೀ ಆಸೆಯ ಕಾರು, ಅದರಲ್ಲಿ ಮುಚ್ಚಿಡುವುದೇನಿಲ್ಲ. ಆದರೆ ಆಸೆಯ ಕಾರನ್ನೂ ಇಲ್ಲಿನ ರಸ್ತೆಯಲ್ಲೇ ಓಡಿಸಬೇಕಲ್ವಾ?

ಮೊದಲು ಈ ಎರಡು ಜಾತಿ ಹುಟ್ಟಿದ್ದು ಯಾಕೆ ಅಂತ ಸ್ವಲ್ಪ ನೋಡಿಕೊಂಡೆ. ಬೆಂಟ್ಲಿ 1952ರಲ್ಲಿ ಆರ್-ಟೈಪ್ ಕಾಂಟಿನೆಂಟಲ್ ಮಾಡಿದ್ದು ನಾಲ್ಕು ಜನರನ್ನು ಕೂರಿಸಿಕೊಂಡು, ಗಂಟೆಗೆ 160 ಕಿಲೋಮೀಟರ್‌ಗೂ ಮೀರಿದ ವೇಗದಲ್ಲಿ, ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಸುಸ್ತಾಗದೆ ಹೋಗಲಿಕ್ಕೆ. ಇವತ್ತಿನ ಕಾಂಟಿನೆಂಟಲ್ ಜಿಟಿಯ ಕೆಲಸವೂ ಅದೇ. 911 ಬಂದಿದ್ದು 1963ರಲ್ಲಿ, ಹಿಂದೆ ಎಂಜಿನ್ ಇಟ್ಟ ಸಣ್ಣ ಸ್ಪೋರ್ಟ್ಸ್ ಕಾರಾಗಿ. ಅದು ತಿರುವಿನ ರಸ್ತೆಗೆ ಹೇಳಿ ಮಾಡಿಸಿದ್ದು. ನಮ್ಮಲ್ಲಿ ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರಿಗೆ ಮಿತಿ 100 ಕಿಲೋಮೀಟರ್. ಆ ಮಿತಿಯಲ್ಲಿ ಕಾಂಟಿನೆಂಟಲ್‌ನ ಎಂಜಿನ್ ಇನ್ನೂ ನಿದ್ದೆಯಲ್ಲೇ ಇರುತ್ತದೆ.

ಶಕ್ತಿಯ ಅಂಕಿಗಳನ್ನು ನಾನು ಬೇಗ ಬದಿಗಿಟ್ಟೆ. ಕರೇರಾ ಎಸ್ 450 ಪಿಎಸ್ (ಅಶ್ವಶಕ್ತಿ), ಕಾಂಟಿನೆಂಟಲ್ ವಿ8 550 ಪಿಎಸ್. ಸೊನ್ನೆಯಿಂದ 100ಕ್ಕೆ ಒಂದು 3.7 ಸೆಕೆಂಡ್, ಇನ್ನೊಂದು 4. ಕಲ್ಸಂಕದ ಸಿಗ್ನಲ್‌ನಲ್ಲಿ ಇದನ್ನೆಲ್ಲ ಇಟ್ಟುಕೊಂಡು ಎಂತ ಮಾಡುವುದು? ನನಗೆ ಮುಖ್ಯ ಅನ್ನಿಸಿದ್ದು ತೂಕ. 911 ಸುಮಾರು 1,515 ಕೆ.ಜಿ., ಕಾಂಟಿನೆಂಟಲ್ ಸುಮಾರು 2,165. ನಡುವಿನ ವ್ಯತ್ಯಾಸದಲ್ಲಿ ಒಂದು ಹಳೆಯ ಮಾರುತಿ 800 ಹೆಚ್ಚುಕಡಿಮೆ ಕೂರುತ್ತದೆ. ಘಾಟಿ ಇಳಿಯುವಾಗ ಆ ಭಾರವನ್ನೆಲ್ಲ ಬ್ರೇಕ್ ಹಿಡಿದು ನಿಲ್ಲಿಸಬೇಕು.

ಆಮೇಲೆ ಅಳತೆ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಯಾವ ಶೋರೂಮಿನವರೂ ಹೇಳುವುದಿಲ್ಲ.

ನಮ್ಮ ಮನೆಯ ಅಂಗಳ ರಸ್ತೆಗಿಂತ ಕೆಳಗೆ ಉಂಟು. ಮೊದಲು ಹಾಗಿರಲಿಲ್ಲ. ಡಾಮರಿನ ಮೇಲೆ ಡಾಮರು ಬಿದ್ದು ರಸ್ತೆಯೇ ಮೇಲೆ ಬಂತು. ಗೇಟಿನ ಹತ್ತಿರ ಚರಂಡಿಯ ಚಪ್ಪಡಿ, ಅದರ ಅಂಚಿನಿಂದ ಒಳಗೆ ಇಳಿಜಾರು. ತಗ್ಗಿನ ಕಾರಿನ ಹೊಟ್ಟೆ ಸವರುವುದು ಇಂಥ ಅಂಚಿನಲ್ಲೇ. ಇಲ್ಲಿ ನೆಲದಿಂದ ಕಾರಿನ ಎತ್ತರ ಎಷ್ಟು ಮುಖ್ಯವೋ, ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ದೂರವೂ ಅಷ್ಟೇ ಮುಖ್ಯ. 911ರಲ್ಲಿ ಆ ದೂರ 2,450 ಮಿ.ಮೀ., ಕಾಂಟಿನೆಂಟಲ್‌ನಲ್ಲಿ 2,851.

ಪ್ಲಾಂಟಿನಲ್ಲಿ ಕೆಲಸ ಮಾಡುವ ಆಚಾರಿಯಿಂದ ಎರಡು ರೀಪರ್ (ಮರದ ಪಟ್ಟಿ) ಕತ್ತರಿಸಿಕೊಂಡೆ, ಒಂದೊಂದು ಕಾರಿನ ಚಕ್ರದ ದೂರಕ್ಕೆ ಸರಿಯಾಗಿ. ಕಾರು ನೋಡಲು ಹೋದಾಗ ಟೇಪ್ ಹಿಡಿದು ಹೊಟ್ಟೆಯ ಎತ್ತರ ಅಳೆದು ತಂದಿದ್ದೆ. ಅಷ್ಟೇ ಎತ್ತರದ ಮರದ ತುಂಡನ್ನು ರೀಪರಿನ ಎರಡೂ ತುದಿಗೆ ಕೆಳಗಿನಿಂದ ಮೊಳೆ ಹೊಡೆದು ಕಾಲು ಮಾಡಿದೆವು. ಆಮೇಲೆ ಅದನ್ನು ರಸ್ತೆಯಿಂದ ಅಂಗಳಕ್ಕೆ ಮೆಲ್ಲ ಎಳೆದುಕೊಂಡು ಬಂದೆವು. ಉದ್ದದ ರೀಪರ್ ಅರ್ಧ ಬರುವಷ್ಟರಲ್ಲಿ ಚಪ್ಪಡಿಯ ಅಂಚಿಗೆ ಕರ್ರ್ ಅಂತ ತಾಗಿ ನಿಂತಿತು. ಗಿಡ್ಡದ್ದು ಬೆರಳು ತೂರುವಷ್ಟು ಸಂದಿ ಬಿಟ್ಟು ದಾಟಿತು. “ಅಣ್ಣ, ಕಾರು ತಗೊಳ್ತೀರಾ, ದೋಣಿ ಕಟ್ತೀರಾ?” ಅಂತ ಆಚಾರಿ ಕೇಳಿದ.

ಕಾಂಟಿನೆಂಟಲ್‌ನಲ್ಲಿ ಏರ್ ಸಸ್ಪೆನ್ಶನ್ ಉಂಟು, ಎತ್ತರಿಸಿದರೆ ಅದೂ ದಾಟೀತು, ಸುಳ್ಳು ಹೇಳಬಾರದು. 911ಕ್ಕೆ ಹೊಟ್ಟೆಯ ತೊಂದರೆ ಇಲ್ಲ, ಮೂತಿಯದ್ದು ಉಂಟು. ಅದಕ್ಕೆ ಮುಂದಿನ ಆಕ್ಸಲ್ ಎತ್ತುವ ಸೌಲಭ್ಯ ಬರುತ್ತದೆ, ಬಟನ್ ಒತ್ತಿದರೆ ಮೂತಿ ಸುಮಾರು 40 ಮಿ.ಮೀ. ಮೇಲೆ ಹೋಗುತ್ತದೆ. ಅದು ಕಂಪೆನಿಯಿಂದಲೇ ಹಾಕಿಸಿಕೊಂಡು ಬರಬೇಕಾದ ಆಪ್ಷನ್. ಸೆಕೆಂಡ್ ಹ್ಯಾಂಡ್ ನೋಡುವವರು ಬಣ್ಣ, ಸೀಟಿನ ಚರ್ಮ ಎಲ್ಲ ಆಮೇಲೆ ನೋಡಿ, ಮೊದಲು ಆ ಬಟನ್ ಹುಡುಕಿ. ಕರಾವಳಿಯಲ್ಲಿ ಅದಿಲ್ಲದ 911 ನನಗೆ ಬೇಡ.

ಹಂಪ್ಸ್ ಬಗ್ಗೆಯೂ ಲೆಕ್ಕ ಹಾಕಿದೆ. ನಿಯಮದ ಪ್ರಕಾರದ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ಬಾಗು. ಅದರ ನೆತ್ತಿಯ ಮೇಲೆ ಕಾರು ನಿಂತಾಗ ಚಕ್ರಗಳೂ ಹಂಪಿನ ಮೇಲೆಯೇ ಇರುತ್ತವೆ. ಹಾಗಾಗಿ 911ರ ಹೊಟ್ಟೆಗೆ ಬೇಕಾಗುವುದು ಸುಮಾರು 4.4 ಸೆಂ.ಮೀ., ಕಾಂಟಿನೆಂಟಲ್‌ಗೆ 6. ಎರಡೂ ಆರಾಮ. ತೊಂದರೆ ಏನಿದ್ದರೂ ಊರಿನವರೇ ರಾತ್ರಿ ಜಲ್ಲಿ ಸಿಮೆಂಟ್ ಹಾಕಿ ಕಟ್ಟುವ ಹಂಪಿನದ್ದು. ಅದು ಗಿಡ್ಡ ಅಗಲ, ಪೂರ್ತಿ ಎತ್ತರ. ಅಲ್ಲಿ ಯಾವ ಲೆಕ್ಕವೂ ನಡೆಯುವುದಿಲ್ಲ, ಓರೆಯಾಗಿ ಹತ್ತಿಸುವುದೊಂದೇ ದಾರಿ. ಹಾಗೆ ಹತ್ತಿಸಲು ಕಾರು ಗಿಡ್ಡವಿದ್ದಷ್ಟು ಸುಲಭ.

ಕಾಂಟಿನೆಂಟಲ್ ಓಡಿಸಲು ಕೊಟ್ಟವರು ಕೇರಳದ ಕಡೆಯ ಒಬ್ಬ ಗೆಳೆಯರು. ತಲಪಾಡಿಯಲ್ಲಿ ಕೈಗೆ ಸಿಕ್ಕಿತು, ಉಡುಪಿಯವರೆಗೆ ನಾನೇ ತಂದೆ. ಪಂಪ್‌ವೆಲ್, ನಂತೂರು, ಕೂಳೂರು ಅಂತ ತೆವಳುವಾಗಲೂ ಒಳಗೆ ಸದ್ದಿಲ್ಲ. ಮುಲ್ಕಿ ದಾಟಿ ರಸ್ತೆ ಖಾಲಿ ಸಿಕ್ಕಿದ ಮೇಲೆ ಕಾಲು ಒಂಚೂರು ಒತ್ತಿದರೆ ಸಾಕು, 770 ಎನ್‌ಎಂ ಟಾರ್ಕ್ (ಎಂಜಿನ್ನಿನ ತಿರುಗಿಸುವ ಬಲ) ಬೆನ್ನಿಗೆ ಕೈಯಿಟ್ಟು ಮೆಲ್ಲ ಮುಂದೆ ದೂಡುತ್ತದೆ. ಗೇರ್ ಬದಲಾಗಿದ್ದು ಗೊತ್ತೇ ಆಗುವುದಿಲ್ಲ. ಪಕ್ಕದಲ್ಲಿದ್ದ ಹೆಂಡತಿ ಕಾಪು ಬರುವಷ್ಟರಲ್ಲಿ ನಿದ್ದೆ ಹೋಗಿದ್ದಳು. ಎಚ್ಚರವಾದ ಮೇಲೆ ಅವಳು ಹೇಳಿದ್ದು ಇಷ್ಟೇ: “ಇದನ್ನೇ ತಗೊಳ್ಳಿ.” ಆ ದಿನ ನನಗೂ ಬೇರೆ ಯೋಚನೆ ಇರಲಿಲ್ಲ. ಐಷಾರಾಮ ಅಂದರೆ ಇದು ಮಾರಾಯ್ರೆ, ಇದಕ್ಕೆ ಎದುರು 911ರ ಒಳಗೆ ಟಯರಿನ ಸದ್ದು ಜೋರು, ಹಳೆಯ ಕಾಂಕ್ರೀಟ್ ರಸ್ತೆಯಲ್ಲಿ ಮಾತಾಡಲು ಸ್ವರ ಏರಿಸಬೇಕು.

ಮನಸ್ಸು ಬದಲಾಗಿದ್ದು ಅದೇ ಕಾರನ್ನು ಆಗುಂಬೆ ಘಾಟಿಗೆ ಒಯ್ದಾಗ. ನಾವು ಬೆಂಗಳೂರಿಗೆ ಹೆಚ್ಚಾಗಿ ಹೆಬ್ರಿ, ಸೋಮೇಶ್ವರ, ಆಗುಂಬೆ, ತೀರ್ಥಹಳ್ಳಿ, ಶಿವಮೊಗ್ಗ ದಾರಿಯಲ್ಲೇ ಹೋಗುವುದು. ಘಾಟಿಯಲ್ಲಿ 14 ಹೇರ್‌ಪಿನ್ ತಿರುವು. ಕಾಂಟಿನೆಂಟಲ್ 1,954 ಮಿ.ಮೀ. ಅಗಲ, ಕನ್ನಡಿ ಬಿಟ್ಟು. 911 ಅದಕ್ಕಿಂತ 10 ಸೆಂ.ಮೀ. ಕಡಿಮೆ. ಕಾಗದದಲ್ಲಿ ಅದು ಏನೂ ಅಲ್ಲ. ತಿರುವಿನಲ್ಲಿ ಮಿನಿ ಬಸ್ಸು ಎದುರು ಬಂದು, ಈ ಕಡೆ ಚರಂಡಿ, ಆ ಕಡೆ ಬಸ್ಸಿನ ಬಂಪರ್ ಇದ್ದಾಗ ಆ 10 ಸೆಂ.ಮೀ. ಎಷ್ಟು ಅಂತ ಗೊತ್ತಾಗುತ್ತದೆ. ಕಾಂಟಿನೆಂಟಲ್‌ನ ಉದ್ದನೆಯ ಮೂತಿ ಎಲ್ಲಿ ಮುಗಿಯುತ್ತದೆ ಅಂತ ಸೀಟಿನಿಂದ ಕಾಣುವುದಿಲ್ಲ. ಕ್ಯಾಮೆರಾ ಉಂಟು, ಸೆನ್ಸರ್ ಉಂಟು. ಆದರೆ ಪ್ರತಿ ತಿರುವಿಗೂ ಅವು ಕೂಗಿಕೊಳ್ಳುತ್ತವೆ. ಕೆಲಸದವರ ಸದ್ದಿಗೆ ಒಗ್ಗಿದ ನನ್ನ ಕಿವಿಗೂ ಅದು ಕಿರಿಕಿರಿ.

911 ಓಡಿಸಿದ್ದು ಬೆಂಗಳೂರಿನಲ್ಲಿ ಮಾರಾಟಗಾರನ ಹತ್ತಿರ. ವಿಮಾನ ನಿಲ್ದಾಣದ ಅಗಲ ರಸ್ತೆ ಬೇಡ, ಹಾಳು ರಸ್ತೆ ತೋರಿಸಿ ಅಂತ ಕೇಳಿಕೊಂಡೆ. “ಸರ್, ಇಂಥ ಗಿರಾಕಿ ಮೊದಲು ನೋಡ್ತಿರೋದು” ಅಂದ. ಆ ಕಾರಿನಲ್ಲಿ ಹಿಂದಿನ ಚಕ್ರವೂ ತಿರುಗುವ ವ್ಯವಸ್ಥೆ ಇತ್ತು. ನಿಧಾನ ವೇಗದಲ್ಲಿ ಅವು ಮುಂದಿನ ಚಕ್ರದ ಉಲ್ಟಾ ದಿಕ್ಕಿಗೆ ಸ್ವಲ್ಪ ತಿರುಗುತ್ತವೆ, ಆಗ ಕಾರು ಇನ್ನೂ ಗಿಡ್ಡ ಆದ ಹಾಗೆ ಸುತ್ತುತ್ತದೆ. ಸಾಲು ಸಾಲು ಕಾರು ನಿಂತ ಗಲ್ಲಿಯಲ್ಲಿ ಹೊರಳಿಸುವಾಗ ನನ್ನ ತಲೆಯಲ್ಲಿ ಇದ್ದದ್ದು ಆಗುಂಬೆಯೇ.

ಇನ್ನೊಂದು ಕಾರಣ ಮಳೆ. ನಮಗೆ ವರ್ಷದಲ್ಲಿ ನಾಲ್ಕು ತಿಂಗಳು ರಸ್ತೆಯ ಮೇಲೆ ನೀರು. 911ರ ಹಿಂದಿನ ಟಯರ್ 305 ಮಿ.ಮೀ. ಅಗಲ. ಅಗಲ ಟಯರ್ ನೀರಿನ ಮೇಲೆ ಬೇಗ ತೇಲುತ್ತದೆ, ಅದರಲ್ಲೂ ಸವೆದಿದ್ದರೆ. 2018ರ ಕೊನೆಗೆ ಹೊರಬಂದ 992 ತಲೆಮಾರಿನ 911ರಲ್ಲಿ ಪೋರ್ಷೆ ಒಂದು ಉಪಾಯ ಮಾಡಿದೆ. ಮುಂದಿನ ಚಕ್ರದ ಗೂಡಿನಲ್ಲಿ ಸಣ್ಣ ಸೆನ್ಸರ್ ಕೂತು, ಚಕ್ರ ಎರಚುವ ನೀರಿನ ಸದ್ದು ಕೇಳುತ್ತದೆ. ರಸ್ತೆ ಒದ್ದೆ ಅಂತ ಗೊತ್ತಾದರೆ ವೆಟ್ ಮೋಡ್‌ಗೆ ಹಾಕಿ ಅಂತ ಹೇಳುತ್ತದೆ. ಹಾಕಿದರೆ ಆಕ್ಸಿಲರೇಟರ್ ಮೆತ್ತಗಾಗುತ್ತದೆ, ಕಾರು ಜಾರದಂತೆ ಹಿಡಿಯುವ ಸ್ಟೆಬಿಲಿಟಿ ಕಂಟ್ರೋಲ್ ಬೇಗ ಎಚ್ಚರವಾಗುತ್ತದೆ. ತೇಲುವುದನ್ನು ಅದೂ ತಡೆಯಲಾರದು, ನಾವೇ ನಿಧಾನ ಹೋಗಬೇಕು. ಆದರೂ ಹಳೆಯ 991 ಇನ್ನೂ ಕಮ್ಮಿಗೆ ಸಿಗುತ್ತಿದ್ದಾಗ 992ಕ್ಕೇ ಕಾದದ್ದು ಇದೊಂದಕ್ಕೆ. ಕಾಂಟಿನೆಂಟಲ್‌ನಲ್ಲಿ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುತ್ತದೆ, ಮಳೆಯಲ್ಲಿ ಅದು ಹೊರಡುವ ಧೈರ್ಯವೇ ಬೇರೆ. ನಿಲ್ಲಿಸುವಾಗ ಮಾತ್ರ ಆ ತೂಕ ಮತ್ತೆ ನೆನಪಿಗೆ ಬರುತ್ತದೆ.

ಸಾಮಾನಿನ ವಿಷಯದಲ್ಲಿ ಬೆಂಟ್ಲಿಯೇ ಗೆದ್ದಿತು. ಅದರ ಡಿಕ್ಕಿ 358 ಲೀಟರ್, 911ರ ಮುಂದಿನ ಡಿಕ್ಕಿ 132. ಮಗಳಿಗೆ ಹೋಗುವ ತೆಂಗಿನಕಾಯಿ, ಕುಚ್ಚಲಕ್ಕಿ, ಹಪ್ಪಳದ ಡಬ್ಬ ಎಲ್ಲ ಈಗ ಹಿಂದಿನ ಸೀಟು ಮಡಚಿ ಅದರ ಮೇಲೆ ಪ್ರಯಾಣ ಮಾಡುತ್ತವೆ. ಆ ಸೀಟಿನಲ್ಲಿ ದೊಡ್ಡವರು ಹೇಗೂ ಕೂರಲಾರರು. ಮೀನು ಎರಡರಲ್ಲೂ ನಿಷಿದ್ಧ, ಅದು ಹೆಂಡತಿಯ ಕಾನೂನು. ಅಮ್ಮ ಒಮ್ಮೆ ಮುಂದಿನ ಸೀಟಿನಲ್ಲಿ ಕೂತು, “ಇಷ್ಟು ದುಡ್ಡು ಕೊಟ್ಟು ನೆಲದಲ್ಲಿ ಕೂರ್ಬೇಕಾ ಮಗಾ?” ಅಂತ ಕೇಳಿ, ಏಳಲು ನನ್ನ ಕೈ ಹಿಡಿದರು.

ಕಾರು ಪರೀಕ್ಷೆ ಮಾಡುವಾಗ ನನ್ನ ಕಸುಬು ಸಹಾಯಕ್ಕೆ ಬಂತು. ಐಸ್ ಪ್ಲಾಂಟ್ ನಡೆಸುವವನಿಗೆ ತುಕ್ಕು ದಿನದ ಮಾತು. ಈ ಕಾರುಗಳ ಹೊರಮೈ ಹೆಚ್ಚಿನದ್ದು ಅಲ್ಯೂಮಿನಿಯಂ, ಬಣ್ಣ ಮಿಂಚುತ್ತಲೇ ಇರುತ್ತದೆ. ಉಪ್ಪುಗಾಳಿ ಕೆಲಸ ಮಾಡುವುದು ಕೆಳಗೆ, ಕಾಣದ ಕಡೆ. ಲಿಫ್ಟ್ ಮೇಲೆ ಏರಿಸಿ, ಟಾರ್ಚ್ ಹಿಡಿದು ಬೋಲ್ಟಿನ ತಲೆ, ಸೈಲೆನ್ಸರ್ ಕ್ಲಾಂಪ್, ವಯರಿಂಗ್ ಕನೆಕ್ಟರ್ ನೋಡಿದೆ. ಬೋಲ್ಟಿನ ತಲೆಯ ಮೂಲೆಗಳು ಚೂಪಾಗಿದ್ದರೆ ಸರಿ. ಉರುಟಾಗಿ ಪುಡಿ ಉದುರಿದರೆ ಆ ಕಾರು ಕಡಲ ಬದಿಯಲ್ಲಿ ಹೊರಗೇ ನಿಂತದ್ದು, ಮಾರುವವರು ಏನೇ ಹೇಳಲಿ. ಬ್ರೇಕ್ ಡಿಸ್ಕಿನ ಮೇಲಿನ ಕೆಂಪು ಪುಡಿಗೆ ಹೆದರಬೇಡಿ, ನಾಲ್ಕು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ. ಟಯರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 3219 ಅಂದರೆ 2019ರ 32ನೇ ವಾರ. ಇಂಥ ಕಾರು ಓಡುವುದಕ್ಕಿಂತ ನಿಲ್ಲುವುದೇ ಜಾಸ್ತಿ, ಟಯರಿನ ಅಚ್ಚು ಸವೆಯದಿದ್ದರೂ ರಬ್ಬರ್ ಗಟ್ಟಿಯಾಗಿರುತ್ತದೆ.

ಕೊನೆಗೆ ತೂಗಿದ್ದು ದುಡ್ಡು. ಹಳೆಯ ಬೆಂಟ್ಲಿಯ ಬೆಲೆ ಇಳಿದಿರುತ್ತದೆ, ಅದರ ಬಿಡಿಭಾಗದ ಬೆಲೆ ಇಳಿದಿರುವುದಿಲ್ಲ. ತೆರಿಗೆಯೂ ಹಾಗೆಯೇ. ಹೊರ ರಾಜ್ಯದ ಕಾರನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಳ್ಳುವುದಾದರೆ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಂದು ಮರುನೋಂದಣಿ ಮಾಡಿಸಬೇಕು. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಹೊಸ ಕಾರಿಗೆ ಆಜೀವ ತೆರಿಗೆ ಶೇ 18, ಮೇಲೆ ಸೆಸ್. ಕಾರಿಗೆ ವಯಸ್ಸಾದ ಹಾಗೆ ಶೇಕಡಾವಾರು ಕಮ್ಮಿಯಾಗುತ್ತದೆ, ಆದರೆ ಲೆಕ್ಕ ಹಿಡಿಯುವುದು ಕಾರಿನ ಮೂಲ ಬೆಲೆಯ ಮೇಲೆ, ನಾವು ಕೊಟ್ಟದ್ದರ ಮೇಲೆ ಅಲ್ಲ. ಮುಂಬಯಿಯಲ್ಲಿ ಸಿಕ್ಕಿದ್ದ ಕಾಂಟಿನೆಂಟಲ್‌ಗೆ ಈ ಲೆಕ್ಕ ಹಾಕಿದಾಗ ಹೆಂಡತಿಯೂ ಪಟ್ಟು ಸಡಿಲಿಸಿದಳು. 911 ಕೆಎ ನಂಬರಿನದ್ದೇ ಆದ್ದರಿಂದ ಆ ಖರ್ಚೇ ಬರಲಿಲ್ಲ. ಸರ್ವಿಸಿಗೆ ಪೋರ್ಷೆಯವರು ಬೆಂಗಳೂರಿನಲ್ಲೂ ಇದ್ದಾರೆ, ಕೊಚ್ಚಿಯಲ್ಲೂ ಇದ್ದಾರೆ.

ನಾನು ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಇದ್ದು, ತಿಂಗಳಿಗೊಮ್ಮೆ ಪುಣೆ, ಹೈದರಾಬಾದ್ ಅಂತ ನೇರ ರಸ್ತೆಯಲ್ಲಿ ಹೋಗುವವನಾಗಿದ್ದರೆ ಕಣ್ಣು ಮುಚ್ಚಿ ಕಾಂಟಿನೆಂಟಲ್ ತಗೊಳ್ಳುತ್ತಿದ್ದೆ. ತೆರಿಗೆ ಹೋದರೆ ಹೋಗಲಿ ಅನ್ನುತ್ತಿದ್ದೆ.

ಇಲ್ಲಿ ಇಟ್ಟುಕೊಳ್ಳುವವರಿಗೆ ಎರಡು ಮಾತು. ವಿಮೆಯಲ್ಲಿ ಎಂಜಿನ್ ಪ್ರೊಟೆಕ್ಟ್ ಸೇರಿಸಿಕೊಳ್ಳಿ, ಎಂಜಿನ್ನಿಗೆ ನೀರು ನುಗ್ಗಿದರೆ ಮಾಮೂಲಿ ಪಾಲಿಸಿ ಕೈಕೊಡುತ್ತದೆ. ಎರಡನೆಯದು ಟಯರ್. ಕರೇರಾ ಎಸ್‌ನಲ್ಲಿ ಮುಂದೆ 20 ಇಂಚು, ಹಿಂದೆ 21. ಸ್ಟೆಪ್ನಿ ಇಲ್ಲ, ರಂಧ್ರ ಮುಚ್ಚುವ ದ್ರಾವಣ, ಗಾಳಿ ತುಂಬುವ ಪುಟ್ಟ ಪಂಪ್ ಅಷ್ಟೇ. ಟಯರಿನ ಬದಿ ಹರಿದರೆ ಅವೆರಡೂ ಉಪಯೋಗಕ್ಕಿಲ್ಲ, ಉಡುಪಿಯ ಅಂಗಡಿಯಲ್ಲಿ ಕೇಳಿದ ಕೂಡಲೇ ಆ ಅಳತೆ ಸಿಗುವುದೂ ಇಲ್ಲ. ಅದಕ್ಕೇ ಹಿಂದಿನ ಚಕ್ರದ ಅಳತೆಯ ಒಂದು ಟಯರನ್ನು ಪ್ಲಾಂಟಿನ ಸ್ಟೋರಿನಲ್ಲಿ, ಮೋಟಾರುಗಳಿಂದ ದೂರ, ಬಿಸಿಲು ತಾಗದ ಕಡೆ ಸುತ್ತಿ ಇಟ್ಟಿದ್ದೇನೆ.