ಡ್ರೋನ್ ಇಲ್ಲದೆ ಕೋಟೆ ಸುತ್ತಿದ್ದು: ಕೀಫ್ರೇಮ್ ಜೊತೆ ನನ್ನ ಅನುಭವ

ದಾವಣಗೆರೆಯ ಒಂದು ಛತ್ರದಲ್ಲಿ ರಿಸೆಪ್ಷನ್ ನಡೆಯುತ್ತಿತ್ತು. ಎಲ್‌ಇಡಿ ವಾಲ್ ಮೇಲೆ ನಾನು ಮಾಡಿದ ನಾಲ್ಕು ನಿಮಿಷದ ಪ್ರಿ-ವೆಡ್ಡಿಂಗ್ ವಿಡಿಯೊ ಓಡುತ್ತಿತ್ತು. ಮುಂದೆ ಜೋಡಿ, ಅವರ ಹಿಂದೆ ಚಿತ್ರದುರ್ಗದ ಕೋಟೆ ಗೋಡೆ ನಿಧಾನ ಸರಿಯುತ್ತದೆ, ಇನ್ನೂ ಹಿಂದೆ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತವೆ. ನನಗಿಂತ ಹದಿನೈದು ವರ್ಷ ಮೊದಲೇ ಮಿಕ್ಸಿಂಗ್ (ವಿಡಿಯೊ ಎಡಿಟಿಂಗ್) ಶುರು ಮಾಡಿದ ಅಣ್ಣ ಒಬ್ಬರು ಪಕ್ಕದಲ್ಲಿ ನಿಂತಿದ್ದರು. "ಡ್ರೋನ್ ಯಾರದಪ್ಪ?" ಎಂದು ಕೇಳಿದರು.

ಡ್ರೋನ್ ಇರಲೇ ಇಲ್ಲ. ಅಷ್ಟೂ ಸ್ಟಿಲ್ ಫೋಟೋ, ಕೀಫ್ರೇಮ್ ಹಾಕಿ ಸರಿಸಿದ್ದು. ಕೀಫ್ರೇಮ್ ಅಂದರೆ ಈ ಕ್ಷಣಕ್ಕೆ ಚಿತ್ರ ಇಲ್ಲಿ, ಇಷ್ಟು ದೊಡ್ಡದಾಗಿ ಇರಲಿ ಎಂದು ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಹಾಕುವ ಗುರುತು; ಎರಡು ಗುರುತಿನ ನಡುವಿನ ಚಲನೆಯನ್ನು ಅದೇ ಮಾಡಿಕೊಳ್ಳುತ್ತದೆ. "ಏ ಬಿಡಪ್ಪ, ಫೋಟೋ ಫೋಟೋನೇ. ಎಷ್ಟು ಎಳೆದರೂ ಸ್ಲೈಡ್‌ಶೋ ಥರಾನೇ ಕಾಣುತ್ತೆ" ಎಂದು ಎರಡು ತಿಂಗಳ ಹಿಂದೆ ಇದೇ ಅಣ್ಣ ಹೇಳಿದ್ದರು. ಅವರು ಹಾಗೆ ಹೇಳಿದ್ದಕ್ಕೆ ಕಾರಣವೂ ಇತ್ತು.

ಅದಕ್ಕೂ ಮೊದಲು ಇನ್ನೊಂದು ಮದುವೆಗೆ ಇದೇ ಥರ ಮಾಡಲು ಹೋಗಿ ಕೆಟ್ಟಿತ್ತು. ಆ ಫೋಟೋಗಳಲ್ಲಿ ಒಂದೊಂದಕ್ಕೂ ಆರು, ಏಳು ಕೀಫ್ರೇಮ್ ಹಾಕಿದ್ದೆ. ಇಲ್ಲಿ ಸ್ವಲ್ಪ ಝೂಮ್, ಅಲ್ಲಿ ಮುಖದ ಮೇಲೆ ನಿಲ್ಲಲಿ, ಆಮೇಲೆ ಬಲಕ್ಕೆ ಹೋಗಲಿ ಎಂದು. ಮುಖದ ಮೇಲೆ ನಿಲ್ಲಿಸಲು ಒಂದೇ ಅಂಕಿಯ ಎರಡು ಕೀಫ್ರೇಮ್ ಇಟ್ಟರೂ ಚಿತ್ರ ನಿಲ್ಲುತ್ತಿರಲಿಲ್ಲ. ಸಣ್ಣಗೆ ಆಚೆ ಹೋಗಿ ವಾಪಸ್ ಬರುತ್ತಿತ್ತು. ಒಂದು ರಾತ್ರಿ ಪೂರ್ತಿ ಅದರಲ್ಲೇ ಹೋಯಿತು. ಕೊನೆಗೆ ಗೊತ್ತಾಗಿದ್ದು ಇಷ್ಟು: ನಾನು ಬಳಸುವ ಪ್ರೀಮಿಯರ್ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಪೊಸಿಷನ್ (ಚಿತ್ರದ ಜಾಗ) ಕೀಫ್ರೇಮ್‌ನ ದಾರಿ ತಾನಾಗಿಯೇ ಬಾಗುತ್ತದೆ. ಆ ಎರಡೂ ಕೀಫ್ರೇಮ್ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಪೇಶಿಯಲ್ ಇಂಟರ್‌ಪೋಲೇಶನ್ (ಹೋಗುವ ದಾರಿಯ ಸೆಟ್ಟಿಂಗ್) ಅನ್ನು ಲೀನಿಯರ್, ಅಂದರೆ ನೇರ, ಮಾಡಬೇಕು. ಟೆಂಪೊರಲ್ ಅಂದರೆ ವೇಗದ ಸೆಟ್ಟಿಂಗ್; ಅಲ್ಲಿ ವೇಗವನ್ನು ಎಷ್ಟು ಮೃದು ಮಾಡಿದರೂ ಇದು ಸರಿಹೋಗಲ್ಲ. ನಾನು ಎರಡು ಗಂಟೆ ಟೆಂಪೊರಲ್‌ನಲ್ಲೇ ಹುಡುಕಿದ್ದೆ.

ಅದು ಸರಿಯಾದ ಮೇಲೂ ವಾಲ್ ಮೇಲೆ ಹಾಕಿದಾಗ ಚಿತ್ರ ಕುಲುಕುತ್ತಿತ್ತು. ನನ್ನ ಮಾನಿಟರ್‌ನಲ್ಲಿ ಬೆಣ್ಣೆಯ ಹಾಗೆ ಹೋಗಿದ್ದು ಹನ್ನೆರಡು ಅಡಿ ವಾಲ್ ಮೇಲೆ ಕಲ್ಲು ರಸ್ತೆಯ ಗಾಡಿಯಂತೆ ಹೋಯಿತು. ಹುಡುಗಿಯ ಮಾವ ಎಲ್ಲರ ಮುಂದೆ, "ಏನ್ರೀ ಇದು, ತಲೆ ಸುತ್ತುತ್ತೆ" ಅಂದರು. ಒಪ್ಪಂದ 22,000 ರೂಪಾಯಿಗೆ ಆಗಿತ್ತು. ಬಾಕಿಯಲ್ಲಿ 5,000 ಬಿಟ್ಟುಕೊಟ್ಟೆ. ಮತ್ತೆ ರೆಂಡರ್ ಮಾಡಿ (ವಿಡಿಯೊ ಫೈಲ್ ತೆಗೆದು) ಕೊಡಲು ಮೂರು ರಾತ್ರಿ, ಅದರ ಜೊತೆ ಬೇರೊಂದು ಆಲ್ಬಂ ಕೆಲಸವೂ ಕೈತಪ್ಪಿತು. ಎಲ್ಲಾ ಸೇರಿ ಸುಮಾರು ಒಂಬತ್ತು, ಹತ್ತು ಸಾವಿರ ಹೋಯಿತು.

ಆ ಮೇಲೆ ಕೂತು ಲೆಕ್ಕ ಹಾಕಿದೆ. ಆ ಶಾಟ್‌ನಲ್ಲಿ ಫೋಟೋ ನಾಲ್ಕು ಸೆಕೆಂಡಿನಲ್ಲಿ ಹತ್ತಿರ ಹತ್ತಿರ 1,900 ಪಿಕ್ಸೆಲ್ ಸರಿದಿತ್ತು. ಸೆಕೆಂಡಿಗೆ 25 ಫ್ರೇಮ್ (ಬಿಡಿ ಚಿತ್ರ) ಲೆಕ್ಕದಲ್ಲಿ ನೂರು ಫ್ರೇಮ್. ಅಂದರೆ ಫ್ರೇಮಿಗೆ 19 ಪಿಕ್ಸೆಲ್. ಅದರ ಮೇಲೆ ಈಸ್ ಇನ್, ಈಸ್ ಔಟ್ ಬೇರೆ ಹಾಕಿದ್ದೆ, ಅಂದರೆ ನಿಧಾನ ಹೊರಟು ನಿಧಾನ ನಿಲ್ಲುವ ಹಾಗೆ. ಈಸ್ ಹಾಕಿದರೆ ಮೃದು ಆಗುತ್ತೆ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ, ಅಲ್ವಾ? ಆದರೆ ಎರಡು ತುದಿಯಲ್ಲಿ ಉಳಿಸಿದ ವೇಗವನ್ನು ಅದು ಮಧ್ಯದಲ್ಲಿ ವಸೂಲಿ ಮಾಡುತ್ತದೆ. ಮಧ್ಯದ ವೇಗ ಸರಾಸರಿಯ ಸುಮಾರು ಒಂದೂವರೆ ಪಟ್ಟು ಆಗುತ್ತದೆ. ಹಾಗಾಗಿ 19 ಇದ್ದದ್ದು 28 ಆಗಿ ಕುಲುಕಿತ್ತು. ಕ್ಯಾಮೆರಾದವರು ಹೇಳುವ ಹಳೇ ಲೆಕ್ಕ ಒಂದಿದೆ: ಒಂದು ವಸ್ತು ಸ್ಕ್ರೀನ್‌ನ ಈ ಅಂಚಿನಿಂದ ಆ ಅಂಚಿಗೆ ಹೋಗಲು ಏಳು ಸೆಕೆಂಡ್ ಬೇಕು. 1920 ಪಿಕ್ಸೆಲ್ ಅಗಲದ ವಿಡಿಯೊದಲ್ಲಿ, ಸೆಕೆಂಡಿಗೆ 25 ಫ್ರೇಮ್ ಲೆಕ್ಕದಲ್ಲಿ, ಅದು ಫ್ರೇಮಿಗೆ 11 ಪಿಕ್ಸೆಲ್ ಆಗುತ್ತದೆ. ಈಗ ನಾನು 11 ದಾಟುವುದೇ ಇಲ್ಲ.

ಇನ್ನೊಂದು ತಪ್ಪು ವಾಲ್ ಕಡೆಯದು. ಲ್ಯಾಪ್‌ಟಾಪ್ 60 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ 60 ಸಲ) ಚಿತ್ರ ಕೊಡುತ್ತದೆ, ನನ್ನ ವಿಡಿಯೊ ಸೆಕೆಂಡಿಗೆ 25 ಫ್ರೇಮ್. ಸಮ ಭಾಗ ಆಗಲ್ಲ. ಒಂದು ಫ್ರೇಮ್ ಎರಡು ಸಲ, ಇನ್ನೊಂದು ಮೂರು ಸಲ ಬರುತ್ತದೆ. ನಿಧಾನ ಪ್ಯಾನ್‌ನಲ್ಲಿ (ಚಿತ್ರ ಪಕ್ಕಕ್ಕೆ ಸರಿಯುವಾಗ) ಕಣ್ಣಿಗೆ ಇದು ಹೊಡೆದ ಹಾಗೆ ಕಾಣುತ್ತದೆ. ಪೂರ್ತಿ ಫೋಟೋದಿಂದ ಮಾಡಿದ ವಿಡಿಯೊ ಆದರೆ ಸೀಕ್ವೆನ್ಸ್ (ಎಡಿಟ್ ಮಾಡುವ ಟೈಮ್‌ಲೈನ್) ಅನ್ನೇ ಸೆಕೆಂಡಿಗೆ 30 ಫ್ರೇಮ್‌ನಲ್ಲಿ ಮಾಡಿ. ವಾಲ್‌ಗೆ ಒಂದು, ಪೆನ್‌ಡ್ರೈವ್‌ಗೆ ಒಂದು ಎಂದು ನಾನು ಎರಡು ಔಟ್‌ಪುಟ್ ಕೊಡುತ್ತೇನೆ.

ಇಷ್ಟು ಕಲಿತು ಕೂತಿದ್ದಾಗ ಕೋಟೆ ಆರ್ಡರ್ ಬಂತು. ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಡ್ರೋನ್‌ಗೆ ಬೇರೆಯೇ ಅನುಮತಿ ಬೇಕು. ಮದುವೆಗೆ ಹನ್ನೆರಡು ದಿನ ಉಳಿದಿತ್ತು. ಸಿಕ್ಕರೂ ಡ್ರೋನ್ ಹುಡುಗನಿಗೆ ದಿನಕ್ಕೆ 7,000 ಕೊಡಬೇಕಿತ್ತು. ಸ್ಟಿಲ್‌ಗೆ ಅನುಮತಿ ಪಡೆದು ಬೆಳಗ್ಗೆ ಹೋಗಿ ಸುಮಾರು ಮುನ್ನೂರು ಫೋಟೋ ತೆಗೆದೆ. ಒನಕೆ ಓಬವ್ವನ ಕಿಂಡಿ ಹತ್ತಿರ, ಗೋಪಾಲಸ್ವಾಮಿ ಹೊಂಡದ ಹತ್ತಿರ, ಬಂಡೆಗಳ ನಡುವೆ. ಕೆಲಸಕ್ಕೆ ಬಂದಿದ್ದು ಇಪ್ಪತ್ತೆರಡು.

ಪ್ರತಿ ಫೋಟೋ ಮೂರು ಪದರ. ಜೋಡಿ, ಗೋಡೆ, ಗುಡ್ಡ ಮತ್ತು ಆಕಾಶ. ಪದರಗಳನ್ನು ಫೋಟೋದಿಂದ ಬೇರೆ ಬೇರೆ ಕತ್ತರಿಸುವುದು ನಿಮಗೆಲ್ಲ ಗೊತ್ತು. ಮೊದಲ ದಿನ ಮೂರಕ್ಕೂ ಬೇರೆ ಬೇರೆ ಕೂತು ಕೀಫ್ರೇಮ್ ಹಾಕಿದೆ. ಜೋಡಿಗೆ ಜಾಸ್ತಿ ಈಸ್, ಗುಡ್ಡಕ್ಕೆ ಕಡಿಮೆ. ನೋಡಿದರೆ ಜೋಡಿ ಮಂಜುಗಡ್ಡೆ ಮೇಲೆ ನಿಂತ ಹಾಗೆ ಜಾರುತ್ತಾ ಹೋಗುತ್ತದೆ! ಕಾರಣ ಸರಳ. ಕ್ಯಾಮೆರಾ ಒಂದೇ ಇದ್ದರೆ ಅದು ಹೊರಡುವುದೂ ನಿಲ್ಲುವುದೂ ಒಂದೇ ಸಲ. ಪದರಗಳ ದೂರ ಬೇರೆ ಇರಬಹುದು, ನಡಿಗೆ ಬೇರೆ ಇರಬಾರದು.

ಹಾಗಾಗಿ ಗೋಡೆ ಪದರಕ್ಕೆ ಎರಡೇ ಎರಡು ಕೀಫ್ರೇಮ್ ಹಾಕಿದೆ. ಅದನ್ನೇ ಕಾಪಿ ಮಾಡಿ ಉಳಿದ ಎರಡಕ್ಕೂ ಪೇಸ್ಟ್ ಮಾಡಿದೆ. ಕರ್ವ್ (ವೇಗ ಏರಿಳಿಯುವ ರೀತಿ) ಕೂಡ ಜೊತೆಗೇ ಬರುತ್ತದೆ. ಆಮೇಲೆ ಹತ್ತಿರದ್ದು ಜಾಸ್ತಿ, ದೂರದ್ದು ಕಡಿಮೆ ಸರಿಯುವ ಹಾಗೆ ಅಂಕಿ ಮಾತ್ರ ಬದಲಾಯಿಸಿದೆ. ನೆನಪಿನ ಪ್ರಕಾರ ಜೋಡಿ 420 ಪಿಕ್ಸೆಲ್, ಗೋಡೆ 140, ಗುಡ್ಡ 40. ಒಳಗೆ ಹೋಗುವ ಶಾಟ್ ಆದರೆ ಸ್ಕೇಲ್ (ಚಿತ್ರದ ಗಾತ್ರ, ಶೇಕಡಾ) ಅದೇ ಕ್ರಮದಲ್ಲಿ 100ರಿಂದ 118, 107, 102. ಸಮಯದ ಸಾಲಿನಲ್ಲಿ ಒಂದು ಫ್ರೇಮ್ ಕೂಡ ಆಚೀಚೆ ಮಾಡಬೇಡಿ. ಕಾಲು ನೆಲಕ್ಕೆ ತಾಗಿರುವ ಫೋಟೋ ಆರಿಸಲೂಬೇಡಿ. ಎಷ್ಟು ಸರಿ ಮಾಡಿದರೂ ಪಾದ ಜಾರುತ್ತದೆ. ಸೊಂಟದವರೆಗೆ, ಇಲ್ಲವೇ ಮುಂದೆ ಒಂದು ಬಂಡೆ ಅಡ್ಡ ಇರುವ ಹಾಗೆ ನೋಡಿಕೊಳ್ಳಿ.

ಈಸ್ ಹಾಕುವುದನ್ನೂ ಬಿಟ್ಟೆ. ಏಳು ಸೆಕೆಂಡಿನ ಶಾಟ್ ಬೇಕಾದರೆ ಒಂಬತ್ತು ಸೆಕೆಂಡಿಗೆ ಲೀನಿಯರ್ ಆಗಿ (ಒಂದೇ ವೇಗದಲ್ಲಿ) ಕೀಫ್ರೇಮ್ ಹಾಕಿ, ಎರಡೂ ತುದಿಯಲ್ಲಿ ಒಂದೊಂದು ಸೆಕೆಂಡ್ ಟ್ರಿಮ್ ಮಾಡುತ್ತೇನೆ. ಕ್ಲಿಪ್‌ನ ಹೊರಗಿನ ಕೀಫ್ರೇಮ್ ಅಳಿಸಿಹೋಗಲ್ಲ, ಅಲ್ಲಿಂದಲೇ ಕೆಲಸ ಮಾಡುತ್ತದೆ. ಹೊರಡುವುದೂ ನಿಲ್ಲುವುದೂ ನೋಡುವವರ ಕಣ್ಣಿಗೆ ಬೀಳುವುದೇ ಇಲ್ಲ. ನನಗೆ ಅತಿ ಹೆಚ್ಚು ಹೆಮ್ಮೆ ಇರುವುದು ಇದರ ಬಗ್ಗೆ.

ಹಾಂ, ಫೋಟೋ ಟೈಮ್‌ಲೈನ್‌ಗೆ ಹಾಕುವಾಗ ಸ್ಕೇಲ್ ಟು ಫ್ರೇಮ್ ಸೈಜ್ ಒತ್ತಬೇಡಿ, ನನ್ನ ಆವೃತ್ತಿಯಲ್ಲಿರುವ ಸೆಟ್ ಟು ಫ್ರೇಮ್ ಸೈಜ್ ಒತ್ತಿ. ಮೊದಲಿನದು 6,000 ಪಿಕ್ಸೆಲ್ ಫೋಟೋವನ್ನು ಸಣ್ಣದು ಮಾಡಿಯೇ ಇಟ್ಟುಕೊಳ್ಳುತ್ತದೆ. ಆಮೇಲೆ ಝೂಮ್ ಮಾಡಿದರೆ ಮುಖ ಮಂಕಾಗುತ್ತದೆ.

ಜೋಡಿ ಸರಿದಾಗ ಹಿಂದೆ ಗೋಡೆಯಲ್ಲಿ ತೂತು ಕಾಣುತ್ತದಲ್ಲ, ಅದನ್ನು ಕಲ್ಲಿನ ಸಾಲು ತಪ್ಪದ ಹಾಗೆ ನಾನು ತುಂಬಿದ್ದು ಹೇಗೆ ಎಂದು ಇಲ್ಲಿ ಬರೆಯಲ್ಲ. ಅದರಿಂದ ಈಗಾಗಲೇ ನಾಲ್ಕು ಆರ್ಡರ್ ಬಂದಿವೆ, ನನ್ನ ಹತ್ತಿರವೇ ಇರಲಿ.

ಗಾಳಿಯಂತ್ರದ ಕೆಲಸ ಯಾರೂ ಹೇಳಿದ್ದಲ್ಲ. ಕೋಟೆ ಮೇಲಿಂದ ನೋಡಿದರೆ ಗುಡ್ಡದ ಸಾಲಿನಲ್ಲಿ ಅವು ಕಾಣುತ್ತವೆ. ಚಿತ್ರದುರ್ಗದವರಿಗೆ ಅವು ತಿರುಗದೆ ನಿಂತಿದ್ದರೆ ತಕ್ಷಣ ಗೊತ್ತಾಗುತ್ತದೆ. ಎರಡು ಯಂತ್ರದ ರೆಕ್ಕೆ ಕತ್ತರಿಸಿ, ಆಂಕರ್ ಪಾಯಿಂಟ್ (ತಿರುಗುವ ಕೇಂದ್ರ) ನಡುವಿನ ಗುಂಡಿಗೆ ತಂದು, ರೊಟೇಶನ್ ಹಾಕಿದೆ. ಒಂದು ಸುತ್ತಿಗೆ ನಾಲ್ಕು ಸೆಕೆಂಡ್. ಮೊದಲು ಪ್ರತಿ ಸುತ್ತಿಗೂ ಕೀಫ್ರೇಮ್ ಇಟ್ಟು ಈಸ್ ಮಾಡಿದ್ದೆ, ಪ್ರತಿ ಸುತ್ತಿಗೂ ರೆಕ್ಕೆ ನಿಂತು ನಿಂತು ಹೊರಡುತ್ತಿತ್ತು. ಮೊದಲಲ್ಲಿ ಸೊನ್ನೆ, ಕೊನೆಯಲ್ಲಿ ಎರಡು ಸುತ್ತು ಮುಕ್ಕಾಲು, ಮಧ್ಯೆ ಏನೂ ಇಲ್ಲ, ಲೀನಿಯರ್. ಸರಿಹೋಯಿತು. ಇದಕ್ಕೇ ಅರ್ಧ ದಿನ ಹೋಯಿತು, ಪಾರ್ಟಿ ಇದಕ್ಕೆ ಒಂದು ರೂಪಾಯಿ ಜಾಸ್ತಿ ಕೊಡಲಿಲ್ಲ. ಆದರೂ ಅಣ್ಣ ಡ್ರೋನ್ ಅಂತ ನಂಬಿದ್ದು ಆ ರೆಕ್ಕೆಗಳಿಂದಲೇ.

ಖರ್ಚು ಹೇಳುವುದಾದರೆ ಕಾರು, ಊಟ, ಅನುಮತಿ ಎಲ್ಲಾ ಸೇರಿ 3,000 ಒಳಗೆ. ಕೆಲಸ ಎಂಟು ದಿನ. ಸಿಕ್ಕಿದ್ದು 24,000, ಬಾಕಿ ಉಳಿಯಲಿಲ್ಲ.

ಒಂದು ಶಾಟ್ ಮಾತ್ರ ಆ ವಿಡಿಯೊದಿಂದ ತೆಗೆದುಹಾಕಿದ್ದೆ. ಗೋಪಾಲಸ್ವಾಮಿ ಹೊಂಡದ ನೀರಿನಲ್ಲಿ ಬಂಡೆಗಳ ಪ್ರತಿಬಿಂಬ ಇರುವುದು. ನೀರು ಹತ್ತಿರ ಇದೆ ಎಂದು ಅದಕ್ಕೆ ಗೋಡೆಯ 140 ಕೊಟ್ಟಿದ್ದೆ, ಬಂಡೆ ಒಂದು ಕಡೆ, ಪ್ರತಿಬಿಂಬ ಇನ್ನೊಂದು ಕಡೆ ಹೋಯಿತು. ಕಳೆದ ವಾರ ದಾವಣಗೆರೆಯ ಕುಂದವಾಡ ಕೆರೆ ಏರಿ ಮೇಲೆ ನಡೆಯುವಾಗ ಗಮನಿಸಿದೆ: ಆಚೆ ದಡದ ಮರ ಹೇಗೆ ಸರಿಯುತ್ತದೋ ನೀರಿನೊಳಗಿನ ಮರವೂ ಅಷ್ಟೇ ಸರಿಯುತ್ತದೆ. ಅಂದರೆ ಪ್ರತಿಬಿಂಬಕ್ಕೆ ನೀರಿನ ಲೆಕ್ಕ ಅಲ್ಲ, ದೂರದ ಬಂಡೆಯ 40 ಕೊಡಬೇಕು. ಪ್ರಾಜೆಕ್ಟ್ ಫೈಲ್ ಮತ್ತೆ ತೆರೆದಿದ್ದೇನೆ, ಈಗ ರೆಂಡರ್ ಆಗುತ್ತಿದೆ.